ಪೋಸ್ಟರಿನ ಎಡಗಡೆಯ ಸಾಬಮ್ಮ

ನಾಲವಾರದ ಸುತ್ತಿನ ಹಳ್ಳಿಗಳಲ್ಲಿ ಇಪ್ಪತ್ತೈದರೊಳಗಿನ ಯಾರನ್ನಾದರೂ ನಿಲ್ಲಿಸಿ ಕೇಳಿ, ಅವರ ತೋಳಿಗೆ ಮೊದಲ ಸೂಜಿ ಚುಚ್ಚಿದವಳು ಸಾಬಮ್ಮ ಸಿಸ್ಟರೇ ಆಗಿರುತ್ತಾಳೆ. ಆರೋಗ್ಯ ಉಪಕೇಂದ್ರದ ಕೆಲಸ, ಬರುವ ವರ್ಷ ನಿವೃತ್ತಿ. ಮನೆ ವಾಡಿಯಲ್ಲಿ. ಗಂಡ ಅಂಬಾರಾಯ ವಾಡಿ ಜಂಕ್ಷನ್ನಿನಲ್ಲಿ ರೈಲಿನ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದವನು. ಇಬ್ಬರದೂ ಸರ್ಕಾರಿ ಪಗಾರ. ಮಗಳು ಮೈತ್ರಿ, ಮಗ ಸುರೇಶಕುಮಾರ ಓದಿ ಕೆಲಸ ಹಿಡಿದಿದ್ದಾರೆ. ಇಷ್ಟೆಲ್ಲ ಇದ್ದೂ ಆ ಮನೆಯ ಮುಂದೆ ಇವತ್ತಿನ ತನಕ ಒಂದು ಕಾರು ನಿಂತಿಲ್ಲ. ಹೊಸಬರು ಯಾಕೆಂದು ಕೇಳಿದರೆ ಸಾಬಮ್ಮ "ನಮಗ್ಯಾಕ ಬೇಕ್ರಿ ಅದು" ಎಂದು ಮಾತು ಮುಗಿಸುತ್ತಾಳೆ. ಹಳಬರು ಕೇಳುವುದಿಲ್ಲ. ಅವರಿಗೆ ಗೊತ್ತು. ಅಂದು ನಕ್ಕವರಲ್ಲಿ ಅವರೂ ಇದ್ದರು.

ಸಾಬಮ್ಮನಿಗೆ ಕಾರು ಬೇಡವಾಗಿರಲಿಲ್ಲ. ಬೇಕಿತ್ತು, ಹಟ ಹಿಡಿದು ಬೇಕಿತ್ತು. ಅವಳ ತವರು ಚಿಂಚೋಳಿ ಕಡೆಯ ಕೊಡ್ಲಿ. ಅವಳ ಅಪ್ಪ ಬದುಕಿರುವ ತನಕ ಊರ ಹೆಬ್ಬಾಗಿಲು, ಅಗಸಿ, ಬಂದ ಕೂಡಲೇ ಸೈಕಲ್ಲಿನಿಂದ ಇಳಿದು, ದೊಡ್ಡ ಮನೆಗಳ ಮುಂದೆ ತಳ್ಳಿಕೊಂಡು ಹೋಗಿ, ತಮ್ಮ ಓಣಿ ಮುಟ್ಟಿದ ಮೇಲೆ ಮತ್ತೆ ಹತ್ತುತ್ತಿದ್ದ. ಇಳಿ ಎಂದು ಯಾರೂ ಹೇಳಿದ್ದಿಲ್ಲ. ಹತ್ತಿಕೊಂಡೇ ಹೋಗು ಎಂದು ಹೇಳಿದವರೂ ಇಲ್ಲ. ಸಣ್ಣವಳಿದ್ದಾಗ ಅಪ್ಪನ ಹಿಂದೆ ನಡೆದು ಬರುತ್ತಿದ್ದ ಸಾಬಮ್ಮನ ಮನಸ್ಸಿನಲ್ಲಿ ಅದು ಕೂತುಬಿಟ್ಟಿತ್ತು. ಅದೇ ಅಗಸಿಯಿಂದ ಅವ್ವನ ಮನೆ ಬಾಗಿಲ ತನಕ ಕಾರಿನಲ್ಲಿ ಹೋಗಬೇಕು. ಗಾಜು ಇಳಿಸಿಕೊಂಡು, ಎಲ್ಲರಿಗೂ ತನ್ನ ಮುಖ ಕಾಣುವ ಹಾಗೆ ಹೋಗಬೇಕು. ಅವಳ ಆಸೆ ಇಷ್ಟೇ.

ಹೀಗಿರುವಾಗ ಬಂತು ಮೈನಾ. ಇದು ಹದಿನೈದು ವರ್ಷದ ಹಿಂದಿನ ಮಾತು. ಬೈಕಿನ ಮೇಲೆ ಓಡಾಡುವ ಮಂದಿಗೆಂದೇ ಒಂದು ಕಂಪನಿ ಪುಟ್ಟ ಕಾರು ಮಾಡಿ ಅದಕ್ಕೆ ಮೈನಾ ಎಂದು ಹೆಸರಿಟ್ಟಿತು. ಟಿ.ವಿ. ಹಚ್ಚಿದರೂ ಅದೇ, ಪೇಪರು ಬಿಡಿಸಿದರೂ ಅದೇ: ಎರಡು ಬೈಕಿನ ಬೆಲೆಗೆ ಒಂದು ಕಾರು. ಬೆಲೆಯ ಅಂಕಿ ಹೆಬ್ಬೆರಳಿನಷ್ಟು ದಪ್ಪ, ಅದರ ನೆತ್ತಿಯ ಮೇಲೊಂದು ಪುಟಾಣಿ ನಕ್ಷತ್ರ. ಆ ನಕ್ಷತ್ರದ ಅರ್ಥ ಪುಟದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿತ್ತು. ಆ ಬೆಲೆಯ ಗಾಡಿಗೆ ಎ.ಸಿ. ಇಲ್ಲ, ಎಡಗಡೆ ಕನ್ನಡಿ ಇಲ್ಲ, ಮಳೆ ಒರೆಸುವ ಕಡ್ಡಿ ಒಂದೇ, ಹಿಂದಿನ ಗಾಜು ಇಳಿಯುವುದಿಲ್ಲ. ಮೇ ತಿಂಗಳಲ್ಲಿ ಶಹಾಬಾದಿನ ಕಲ್ಲುಗಣಿಗಳ ಪಕ್ಕದ ರಸ್ತೆಯಲ್ಲಿ ಅಂಥ ಗಾಡಿಯೊಳಗೆ ಕೂತವರಿಗೆ ದೇವರೇ ಗತಿ. ಇವೆಲ್ಲ ಬೇಕೆಂದರೆ ಮೇಲಿನ ನಮೂನೆ ತೆಗೆದುಕೊಳ್ಳಬೇಕು, ಆಗ ಎರಡು ಬೈಕು ಹೋಗಿ ಮೂರೂವರೆ ಬೈಕಾಗುತ್ತದೆ. ಮುಂಗಡ ಕಟ್ಟಿ ಸರದಿಗೆ ಕಾಯಬೇಕು. ಕಾಯುವಾಗ ಬೆಲೆ ಏರಿದರೆ ಅದು ಕಾಯುವವನ ಹಣೆಬರಹ. ಕಂಪನಿಯವರು ಜಾಣರು, ಒಪ್ಪೋಣ. ಅವರು ಸುಳ್ಳನ್ನು ಹೇಳಲೇ ಇಲ್ಲ, ನಿಜವನ್ನು ಮಾತ್ರ ಸಣ್ಣಕ್ಷರದಲ್ಲಿ ಹೇಳಿದರು.

ಈ ನಕ್ಷತ್ರದ ಗುಟ್ಟನ್ನು ಸಾಬಮ್ಮನಿಗೆ ಬಿಡಿಸಿ ಹೇಳಿದವನು ಶಹಾಬಾದಿನ ಶೋರೂಮಿನ ಶರಣಕುಮಾರ. ಅಲ್ಲಿ ಕಾರು ಮಾರುವ ಕೆಲಸ ಅವನದು. ಸೇಡಂ ಕಡೆಯ ದೊಡ್ಡ ಮನೆತನದ ಹುಡುಗ, ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಸಕ್ಕರೆ. ಅವನ ಹೆಂಡತಿ ಭಾಗ್ಯಶ್ರೀಯ ತವರು ನಾಲವಾರ. ಅವಳ ಚೊಚ್ಚಲ ಹೆರಿಗೆಯ ಹೊತ್ತಿಗೆ ಭಾರಿ ಮಳೆ, ಗಾಡಿ ಸಿಗಲಿಲ್ಲ, ಕೂಸು ಬೇರೆ ಹೊಟ್ಟೆಯಲ್ಲಿ ತಿರುಗಿ ಕೂತಿತ್ತು. ಸಾಬಮ್ಮ ಅವಳ ತಲೆದೆಸೆ ಬಿಡದೆ ಕೂತು ತಾಯಿ ಮಗು ಇಬ್ಬರನ್ನೂ ಉಳಿಸಿಕೊಂಡಳು. ಅಂದಿನಿಂದ ಶರಣಕುಮಾರನಿಗೆ ಅವಳು ಸಿಸ್ಟರ್ ಅಲ್ಲ, ಅಕ್ಕ.

"ಅಕ್ಕಾ, ಕೆಳಗಿನ ನಮೂನಿ ತಗೋಬ್ಯಾಡ್ರಿ, ಮಂದಿಗಿ ತೋರಸ್ಲಿಕ್ಕಿ ಅಷ್ಟೇ ಅದು. ನೀವು ಮ್ಯಾಗಿಂದು ತಗೋರಿ" ಎಂದು ಅವನೇ ಹೇಳಿದ್ದ. ತನ್ನ ಕಂಪನಿಯ ಗುಟ್ಟನ್ನೇ ಬಿಟ್ಟುಕೊಟ್ಟವನನ್ನು ನಂಬದೆ ಇರುವುದು ಹೇಗೆ? ಸಾಬಮ್ಮ ಮುಂಗಡ ಕಟ್ಟಿ ಬಂದಳು.

ಆ ಬೇಸಿಗೆಯಲ್ಲಿ ಒಂದು ದಿನ ಶರಣಕುಮಾರ ವಾಡಿಯ ಮನೆಗೇ ಬಂದ.

"ಅಕ್ಕಾ, ಮುಂಬೈದಿಂದ ಕಂಪನಿ ಮಂದಿ ಬರ್ಲಿಕತ್ತಾರ. ಜಾಹೀರಾತಿಗಿ ಖರೇ ಫ್ಯಾಮಿಲಿ ಬೇಕಂತ, ಆಕ್ಟರ್ ಮಂದಿ ಬ್ಯಾಡಂತ. ನಾ ನಿಮ್ಮ ಹೆಸರೇ ಕೊಟ್ಟೀನಿ. ನಿಮ್ಮ ಫೋಟೋ ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿ ಎಲ್ಲಾ ಕಡಿ ಬರ್ತದ ನೋಡ್ರಿ."

"ಕಾರಿನ ಜೋಡಿ?" ಎಂದು ಸಾಬಮ್ಮ ಕೇಳಿದಳು.

"ಮತ್ತ! ಕಾರಿನ ಜೋಡೀನೇ. ಕಾರ್ ಮಾರೋರು ಇನ್ನ್ಯಾತರ ಜೋಡಿ ಹಾಕ್ತಾರ್ರಿ ಅಕ್ಕಾ?"

ಅವನು ಹೋದ ಮೇಲೆ ಅಂಬಾರಾಯ ನಕ್ಕ. "ನಮ್ಮ ಮಾರಿ ನೋಡಿ ಯಾರು ಕಾರ್ ತಗೋತಾರ?"

"ನಿಮ್ದು ನೋಡಿ ಅಲ್ರಿ, ನಂದು ನೋಡಿ ತಗೋತಾರ" ಎಂದಳು ಸಾಬಮ್ಮ. ಆ ಮನೆಯಲ್ಲಿ ಅಷ್ಟು ನಗೆ ಬಹಳ ದಿನದಿಂದ ಕೇಳಿರಲಿಲ್ಲ.

ಇಲ್ಲಿ ವಾಡಿಯ ಒಂದು ರೂಢಿಯನ್ನು ಹೇಳಬೇಕು. ಸ್ಟೇಷನ್ ರೋಡಿನಲ್ಲಿ ಅಬ್ದುಲ್ ಗನಿ ಅವರ ಫೋಟೋ ಸ್ಟುಡಿಯೋ ಇತ್ತು. ಅವರು ಕ್ಯಾಮೆರಾ ಹಿಡಿದರೆ ಮೊದಲ ಸಲ ಬರೀ ಬೆಳಕು ಹೊಡೆಯುತ್ತಿದ್ದರು, ಫೋಟೋ ತೆಗೆಯುತ್ತಿರಲಿಲ್ಲ. "ಇದು ಖಾಲಿ. ಲೆಕ್ಕಕ್ಕಿಲ್ಲ. ಆರಾಮ ಕುಂದ್ರಿ" ಎನ್ನುತ್ತಿದ್ದರು. ಜನ ಉಸಿರು ಬಿಟ್ಟು, ಬೆವರು ಒರೆಸಿಕೊಂಡು, ಮಕ್ಕಳ ಮೂಗು ತೀಡಿ, ಸೆರಗು ಸರಿ ಮಾಡಿಕೊಂಡು ಕೂತ ಮೇಲೆ ಖರೇ ಫೋಟೋ. ಎರಡು ತಲೆಮಾರಿನ ವಾಡಿ ಮಂದಿ ಹೀಗೇ ಫೋಟೋ ತೆಗೆಸಿಕೊಂಡು ಬೆಳೆದವರು. ಮೊದಲನೆಯದು ಖಾಲಿ ಎಂಬುದು ಅವರಿಗೆ ಲೋಕದ ನಿಯಮ.

ಫೋಟೋದ ದಿನ ಸಾಬಮ್ಮ ಪ್ರತಿ ಏಪ್ರಿಲ್ ಹದಿನಾಲ್ಕಕ್ಕೆ, ಬಾಬಾಸಾಹೇಬರ ಜಯಂತಿಗೆ ಉಡುವ ನೀಲಿ ಅಂಚಿನ ಬಿಳಿ ಸೀರೆಯನ್ನು ಇಸ್ತ್ರಿ ಮಾಡಿಸಿ ಉಟ್ಟಳು. ಗಂಡನಿಗೂ ಮಕ್ಕಳಿಗೂ ಬಿಳಿ ಬಟ್ಟೆ. ಸಿಮೆಂಟ್ ಕಾರ್ಖಾನೆಯ ಚಿಮಣಿಗಳು ಕಾಣುವ ರಸ್ತೆಯಲ್ಲಿ ಮುಂಬೈ ಮಂದಿ ಕಾಯುತ್ತಿದ್ದರು. ಟೋಪಿ ಹಾಕಿದ ಒಬ್ಬ ಹುಡುಗಿ ಇವರನ್ನು ನೋಡಿ, ಈ ಬಟ್ಟೆ ಆಮೇಲೆ, ಮೊದಲು ದಿನಾ ಹಾಕುವ ಬಟ್ಟೆ ಹಾಕಿಕೊಂಡು ನಿಮ್ಮ ಬೈಕಿನ ಮೇಲೆ ಕೂತುಕೊಳ್ಳಿ ಎಂದು ಹಿಂದಿಯಲ್ಲಿ ಹೇಳಿದಳು. ನಾಲ್ವರೂ ಕೂಡಬೇಕು, ತೊಡೆಯ ಮೇಲೆ ಜೋಳದ ಚೀಲ ಇರಬೇಕು.

ಸರಿ, ಮುಂಬೈದವರೂ ಮೊದಲು ಖಾಲಿ ತೆಗೆಯುತ್ತಾರೆ ಎಂದುಕೊಂಡಳು ಸಾಬಮ್ಮ. ಸುರೇಶ ಟ್ಯಾಂಕಿನ ಮೇಲೆ, ಅಂಬಾರಾಯನ ಹಿಂದೆ ಮೈತ್ರಿ, ಅವಳ ಹಿಂದೆ ಚೀಲ ಹೊತ್ತು ಅರ್ಧ ಜಾಗದಲ್ಲಿ ಸಾಬಮ್ಮ. ಮೇ ತಿಂಗಳ ಬಿಸಿಲು. ಹೋಗಿ, ತಿರುಗಿ ಬನ್ನಿ, ಮತ್ತೆ ಹೋಗಿ. ಸುರೇಶ ಅಳತೊಡಗಿದ. ಅಂಬಾರಾಯ ಕಣ್ಣು ಕಿರಿದು ಮಾಡಿ ಹಲ್ಲು ಕಚ್ಚಿದ. ಮೈತ್ರಿ ನಗಲೇ ಎಂದು ಕೇಳಿದರೆ "ಈಗ್ಯಾಕ ನಗ್ತಿ? ಇದು ಲೆಕ್ಕಕ್ಕಿಲ್ಲವ್ವ, ಖರೇದು ಇನ್ನಾ ಮುಂದ ಅದ" ಎಂದು ಸಾಬಮ್ಮ ಬಾಯಿ ತೆರೆದು ಉಸಿರು ಬಿಟ್ಟು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

ಆಮೇಲೆ ಬಿಳಿ ಬಟ್ಟೆ, ಹಳದಿ ಮೈನಾ, ಕಿಟಕಿಯಲ್ಲಿ ನಾಲ್ಕು ನಗುಮುಖ. ಅದು ಚಿಟಿಕೆ ಹೊಡೆಯುವುದರೊಳಗೆ ಮುಗಿಯಿತು. ಖಾಲಿಯದಕ್ಕೆ ಅಷ್ಟು ಹೊತ್ತು, ಖರೇದಕ್ಕೆ ಇಷ್ಟೇ ಹೊತ್ತು ಯಾಕೆ ಎಂದು ಅಂಬಾರಾಯನಿಗೆ ಒಮ್ಮೆ ಅನ್ನಿಸಿತಂತೆ. ದೊಡ್ಡ ಊರಿನವರು, ಕೈ ಪಳಗಿದವರು ಎಂದು ಸುಮ್ಮನಾದ. ಹೋಗುವಾಗ ಟೋಪಿಯ ಹುಡುಗಿ ಒಂದು ಕೀಚೈನು ಕೊಟ್ಟಳು. ಕೀಲಿ ಇಲ್ಲದ್ದು.

ಮಳೆಗಾಲ ಬರುವಷ್ಟರಲ್ಲಿ ಸಾಬಮ್ಮ ಈ ಫೋಟೋದ ಸುದ್ದಿ ಹೇಳದೆ ಉಳಿದವರು ಯಾರೂ ಇರಲಿಲ್ಲ. ಉಪಕೇಂದ್ರಕ್ಕೆ ಬಂದ ಬಸುರಿಯರಿಗೆ ಹೇಳಿದಳು, ರೈಲಿನಲ್ಲಿ ಜೊತೆ ಕೂತವರಿಗೆ ಹೇಳಿದಳು. ಶಹಾಬಾದಿನಲ್ಲಿ ಪೋಸ್ಟರ್ ಹಚ್ಚಿದ್ದಾರೆ ಎಂಬ ಸುದ್ದಿ ಬಂದಾಗ ತಾನೊಬ್ಬಳೇ ಮೊದಲು ಹೋಗಿ ನೋಡುವ ಬುದ್ಧಿ ಬರಲಿಲ್ಲ, ಪಾಪ. ಕೊಡ್ಲಿಯಿಂದ ಅವ್ವ ಹಣಮವ್ವನನ್ನು ಕರೆಸಿಕೊಂಡಳು. ಅವ್ವ, ಮಗಳು, ಮೊಮ್ಮಗಳು ಮೂವರೂ ವಾಡಿಯಲ್ಲಿ ರೈಲು ಹತ್ತಿ ಶಹಾಬಾದಿನಲ್ಲಿ ಇಳಿದರು. ಹಣಮವ್ವ ದಾರಿಯಲ್ಲಿ ಮಲ್ಲಿಗೆ ಕೊಂಡು ಮಗಳಿಗೆ ಮುಡಿಸಿದಳು.

ಬಸ್ ನಿಲ್ದಾಣದ ಎದುರು, ಎರಡು ಮಾಳಿಗೆ ಎತ್ತರ ಇತ್ತು ಅದು. ನಟ್ಟನಡುವೆ ಒಂದು ಗೆರೆ. ಎಡಗಡೆ ಮೋಡ ಕವಿದಂಥ ಬೂದು ಬಣ್ಣದಲ್ಲಿ ಬೈಕಿನ ಮೇಲೆ ಅವರು ನಾಲ್ವರು. ಅಳುವ ಸುರೇಶ, ಹಲ್ಲು ಕಚ್ಚಿದ ಅಂಬಾರಾಯ, ನಡುವೆ ಅಪ್ಪಚ್ಚಿಯಾದ ಮೈತ್ರಿ, ಬಾಯಿ ತೆರೆದು ಕುತ್ತಿಗೆ ಒರೆಸಿಕೊಳ್ಳುವ ಸಾಬಮ್ಮ. ಬಲಗಡೆ ಬಿಸಿಲು, ಹಸಿರು, ಹಳದಿ ಮೈನಾ. ಅದರೊಳಗೆ ಗುರುತಿಲ್ಲದ ನಾಲ್ಕು ಮಂದಿ, ಹಾಲಿನಂಥ ಮೈಬಣ್ಣದವರು. ಎಲ್ಲರದೂ ಬಿಳಿ ಬಟ್ಟೆ. ಹೆಂಗಸು ಉಟ್ಟದ್ದು ನೀಲಿ ಅಂಚಿನ ಬಿಳಿ ಸೀರೆ. ಇವರ ಬಟ್ಟೆಯನ್ನು ಮೆಚ್ಚಿಕೊಂಡು ಮುಖವನ್ನು ಬಿಟ್ಟಿದ್ದರು.

ಮೈತ್ರಿ ಶಾಲೆಯಲ್ಲಿ ಪಾಠ ಓದುವ ಹಾಗೆ ಗಟ್ಟಿಯಾಗಿ ಓದಿದಳು. ಎಡಗಡೆ: "ಇನ್ನೆಷ್ಟು ದಿನ ಈ ಪಾಡು?" ಬಲಗಡೆ: "ಮೈನಾ ಬಂತು, ಮರ್ಯಾದೆ ತಂತು!"

ಹಣಮವ್ವನಿಗೆ ಓದು ಬರದು. ಅವಳು ಕತ್ತೆತ್ತಿ ಬಹಳ ಹೊತ್ತು ನೋಡಿದಳು. "ಗಾಡಿ ಮ್ಯಾಲಿನಾಕಿ ನೀನೇ ಹೌದಲ್ಲವ್ವಾ. ಮತ್ತ ನಿನ್ನ ಸೀರಿ ಉಟ್ಗೊಂಡು ಆ ಕಾರಿನ್ಯಾಗ ಕುಂತಾಕಿ ಯಾರು?"

ಸಾಬಮ್ಮ ಮುಡಿದ ಮಲ್ಲಿಗೆಯನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡು ನೇರ ಶೋರೂಮಿಗೆ ನಡೆದಳು.

ಶರಣಕುಮಾರ ಎದ್ದು ನಿಂತು ಕುರ್ಚಿ ಎಳೆದ. "ಬರ್ರಿ ಅಕ್ಕಾ, ಕುಂದ್ರಿ. ಚಾ ತರಸ್ಲೇನು?"

"ಖರೇ ಹೇಳು. ಬೈಕಿನ ಮ್ಯಾಲಿಂದು ಬರ್ತದಂತ ನಿನಗ ಮೊದಲೇ ಗೊತ್ತಿತ್ತೇನು?"

"ಅಕ್ಕಾ, ಅದು ಮುಂಬೈದವರು..."

"ಗೊತ್ತಿತ್ತೇನು?"

ಅವನು ಮೇಜಿನ ಮೇಲಿನ ಕಾಗದಗಳನ್ನು ಸರಿ ಮಾಡಿದ. "ಗೊತ್ತಿತ್ತುರಿ. ಅವರು ಕೇಳಿದ್ದೇ ಬೈಕಿನ ಫ್ಯಾಮಿಲಿ. ಕಾರಿನವರು ಮೊದಲೇ ಮುಂಬೈದಾಗ ತಯಾರಿದ್ರು. ನಿಮಗ ಬ್ಯಾಸರ ಆಗಬಾರದಂತ ಕಾರಿನ ಜೋಡೀನೂ ಒಂದೆರಡು ತೆಗೀರಿ ಅಂತ ನಾನೇ ಹೇಳ್ದೆ. ಮೊದಲು ಇನ್ನಿಬ್ಬರಿಗಿ ಕೇಳಿದ್ದೆ ಅಕ್ಕಾ, ಹಿಂಗ ಹಿಂಗ ಬರ್ತದಂತ ಬಿಡಿಸಿ ಹೇಳ್ದೆ. ನಮ್ಮ ಮಂದಿ ಯಾರೂ ಒಪ್ಪಲಿಲ್ಲ. ಇಜ್ಜತ್ ಹೋಗ್ತದ ಅಂದ್ರು."

"ಅದಕ ನಮಗ ಬಿಡಿಸಿ ಹೇಳಲಿಲ್ಲ."

'ನಮ್ಮ ಮಂದಿ' ಎಂಬ ಎರಡು ಮಾತು ಸಾಬಮ್ಮನ ಕಿವಿಯಲ್ಲಿ ಸೂಜಿಯ ಹಾಗೆ ನಿಂತಿತು. ಇಷ್ಟು ವರ್ಷ ಅಕ್ಕಾ ಅಕ್ಕಾ ಎಂದವನ ಲೆಕ್ಕದಲ್ಲಿ ಅವಳು ಆ ಮಂದಿಯೊಳಗೆ ಇರಲೇ ಇಲ್ಲ. ಅವರಿಗೆ ಇಜ್ಜತ್ ಇದೆ, ಕೇಳಬೇಕು. ಇವಳನ್ನು ಕೇಳುವುದೇನು, ಕೂರಿಸಿದರಾಯಿತು.

"ನಿನ್ನ ಹೆಂಡ್ತಿ ಹೊಟ್ಯಾಗ ಕೂಸು ತಿರುಗಿ ಕುಂತಾಗ, ಇದು ಯಾರ ಮಂದಿ ಕೂಸು ಅಂತ ನಾ ಕೇಳಿದ್ನೇನೋ?" ಎಂದಳು ಸಾಬಮ್ಮ. ದನಿ ಏರಿರಲಿಲ್ಲ. ಹಣಮವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಶರಣಕುಮಾರ ಮಾಫ್ ಮಾಡ್ರಿ ಅಕ್ಕಾ ಎನ್ನುತ್ತ ರಸ್ತೆಯ ತನಕ ಹಿಂದೆ ಬಂದ. ಅವಳು ತಿರುಗಿ ನೋಡಲಿಲ್ಲ.

ಸುದ್ದಿ ಕೇಳಿ ಅಂಬಾರಾಯ ಅಂಗಳದಲ್ಲಿದ್ದ ಬೈಕಿನ ಪಕ್ಕ ಹೋಗಿ ನಿಂತ. ಮೊದಲ ಪಗಾರ ಕೂಡಿಸಿ ಕೊಂಡ ಗಾಡಿ, ದಿನಾ ಒರೆಸಿ ಹೊಳೆಯುವ ಹಾಗೆ ಇಟ್ಟದ್ದು. "ನಮ್ಮ ಗಾಡಿ ಮ್ಯಾಲ ನಾವು ಖುಷಿಲೆ ಹೋಗ್ತಿದ್ವಿ. ಅದು ಪಾಡು ಅಂತ ಇವರಿಗ್ಯಾರು ಹೇಳಿದ್ರು?" ಎಂದ. ಮರುದಿನ ಹೋಗಿ ಕಟ್ಟಿದ ಮುಂಗಡ ವಾಪಸ್ ತೆಗೆದುಕೊಂಡು ಬಂದ.

ಆ ಮಳೆಗಾಲ ಪೂರ್ತಿ ಪೋಸ್ಟರ್ ಗೋಡೆ ಬಿಟ್ಟು ಇಳಿಯಲಿಲ್ಲ. ನಾಲವಾರ ಸ್ಟೇಷನ್ನಿನಲ್ಲಿ "ಏನ್ ಸಿಸ್ಟರ್, ಇನ್ನಾ ಅದೇ ಪಾಡೇನ್ರಿ?" ಎಂದು ಯಾರೋ ಒಬ್ಬರು ಕೂಗುವರು, ನಾಲ್ಕು ಮಂದಿ ನಗುವರು. ಕೆಟ್ಟವರೇನಲ್ಲ, ಅವರ ಮಕ್ಕಳಿಗೆ ಇವಳೇ ಸೂಜಿ ಹಾಕಬೇಕು. ಆದರೂ ನಕ್ಕರು. ಮನೆಯ ನಾಲ್ವರೂ ಒಟ್ಟಿಗೆ ಬೈಕ್ ಹತ್ತುವುದು ನಿಂತುಹೋಯಿತು. ಮಕ್ಕಳನ್ನು ಬಸ್ಸಿಗೆ ಹತ್ತಿಸಿ ಗಂಡ ಹೆಂಡತಿ ಹಿಂದಿನಿಂದ ಹೋಗುವರು. ಕಂಪನಿ ಕಾರನ್ನಂತೂ ಕೊಡಲಿಲ್ಲ, ಇದ್ದ ಬೈಕನ್ನೂ ಕಸಿದುಕೊಂಡಿತು.

ಮೈನಾದ ಗತಿ ಏನಾಯಿತು ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ. ಅದು ಓಡಲಿಲ್ಲ. ಮೈನಾ ಕೊಂಡವನು ಪೋಸ್ಟರಿನ ಎಡಗಡೆಯಿಂದ ಬಂದವನು ಎಂದು ಊರಿಗೆಲ್ಲ ಸಾರಿದ ಮೇಲೆ ಅದನ್ನು ಕೊಳ್ಳುವವರು ಯಾರು? ಬಡವನೆನಿಸಿಕೊಳ್ಳಲು ಮುಂಗಡ ಕಟ್ಟಿ ಸರದಿ ನಿಲ್ಲುವ ಮನುಷ್ಯ ಇನ್ನೂ ಹುಟ್ಟಿಲ್ಲ. ಆಮೇಲೆ ಕಂಪನಿ ಎಚ್ಚತ್ತು, ಅಗ್ಗ ಎಂಬ ಮಾತನ್ನೇ ಅಳಿಸಿ, ಗಾಡಿಗೆ ಕೆಂಪು ನೀಲಿ ಬಣ್ಣ ಬಳಿದು, ಕಪ್ಪು ಕನ್ನಡಕದ ಕಾಲೇಜು ಹುಡುಗರನ್ನು ಕೂರಿಸಿ, ಬೆಲೆ ಏರಿಸಿ ಮಾರಲು ನೋಡಿತು. ಬೈಕಿನ ಮಂದಿ ಆ ಜಾಹೀರಾತಿನಲ್ಲಿ ಎಲ್ಲೂ ಇರಲಿಲ್ಲ. ಕೊನೆಗೆ ಮೈನಾ ನಿಂತೇಹೋಯಿತು. ಶರಣಕುಮಾರ ಈಗ ಬೇರೆ ಶೋರೂಮಿನಲ್ಲಿ ದೊಡ್ಡ ಗಾಡಿ ಮಾರುತ್ತಾನೆ, ಬಾಯಲ್ಲಿ ಅದೇ ಸಕ್ಕರೆ.

ಇದರಿಂದ ಸಾಬಮ್ಮನಿಗೆ ಸಮಾಧಾನವೇನೂ ಆಗಲಿಲ್ಲ. ಯಾಕೆಂದರೆ ಅವಳಿಗೆ ತಾಗಿದ ಪೆಟ್ಟು ಶಹಾಬಾದಿನಲ್ಲಿ ಮುಗಿದಿರಲಿಲ್ಲ.

ಪೋಸ್ಟರ್ ಬಂದ ವರ್ಷವೇ ವಿಜಯದಶಮಿಗೆ ಅವಳು ಕೊಡ್ಲಿಗೆ ಹೊರಟಳು. ಬಾಬಾಸಾಹೇಬರು ಬೌದ್ಧರಾದ ದಿನವೆಂದು ಓಣಿಯ ಬುದ್ಧವಿಹಾರದಲ್ಲಿ ಅಂದು ವಂದನೆ ಇರುತ್ತದೆ. ಬಸ್ಸಿಗೆ ಹೋಗೋಣ ಎಂದ ಅಂಬಾರಾಯ. ಸಾಬಮ್ಮ ಒಪ್ಪಲಿಲ್ಲ. "ನಾವೇನು ಕದ್ದು ತಂದೀವೇನ್ರಿ ಗಾಡಿ? ನಾಕೂ ಮಂದಿ ಅದರ ಮ್ಯಾಲೇ ಹೋಗೂನು." ತಿಂಗಳುಗಳ ಮೇಲೆ ನಾಲ್ವರೂ ಒಟ್ಟಿಗೆ ಬೈಕ್ ಹತ್ತಿದರು. ಕಾಳಗಿ ದಾಟುವಷ್ಟರಲ್ಲಿ ಮಕ್ಕಳು ಹಾಡತೊಡಗಿದ್ದರು. ಸಾಬಮ್ಮನ ಮನಸ್ಸೂ ಹಗುರಾಗಿತ್ತು. ತವರಿನಲ್ಲಾದರೂ ತನ್ನನ್ನು ನೋಡಿ ನಗುವವರಿಲ್ಲ, ಅವ್ವ ಇದ್ದಾಳೆ.

ಬೈಕ್ ಮನೆ ಮುಂದೆ ನಿಂತದ್ದೇ ಓಣಿಯ ಹೆಂಗಸರು ನೆರೆದರು. ಎಲ್ಲರ ಕಣ್ಣೂ ಬೈಕಿನ ಹಿಂದೆ ಏನನ್ನೋ ಹುಡುಕುತ್ತಿತ್ತು.

"ಕಾರ್ ಎಲ್ಲಿ ಬಿಟ್ಟು ಬಂದ್ರೆವ್ವಾ?" ಎಂದು ಒಬ್ಬಳು ಕೇಳಿದಳು.

ಸಾಬಮ್ಮ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಹಣಮವ್ವ ಓಡಿ ಬಂದಳು. "ರಸ್ತಾ ಕೆಟ್ಟು ಹೋಗ್ಯಾದಲ್ಲ, ಅದಕ ಮನ್ಯಾಗ ಬಿಟ್ಟು ಬಂದಾರ. ನಡೀರಿ ಒಳಗ, ದಣದೀರಿ."

ಆಚೆ ಓಣಿಯ ಕಮರುನ್ನೀಸಾ ಸಾಬಮ್ಮನ ಗದ್ದ ಹಿಡಿದಳು. ಸಾಬಮ್ಮನನ್ನು ಎತ್ತಿ ಆಡಿಸಿದ ಮುದುಕಿ. "ಚಿಂಚೋಳಿ ಬಸ್‌ಸ್ಟ್ಯಾಂಡಿನ್ಯಾಗ ನಿನ್ನ ಫೋಟೋ ನೋಡ್ದೆ ಬೇಟಾ. ಬೆಳ್ಳನ ಸೀರಿ ಉಟ್ಟು ಕಾರಿನ್ಯಾಗ ಎಷ್ಟು ಚಂದ ಕುಂತಿ! ನಿಮ್ಮವ್ವ ಬಟ್ಟು ಮಾಡಿ ತೋರಸದೇ ಇದ್ರ ನನಗ ಗುರ್ತೇ ಸಿಗ್ತಿದ್ದಿಲ್ಲ. ಬಾಜೂಕ ಗಾಡಿ ಮ್ಯಾಲಿನಾಕಿ ಯಾರೋ ಏನೋ, ಪಾಪ, ಥೇಟ್ ನಿನ್ನಂಗೇ ಕಾಣ್ತಾಳ."

ಸಾಬಮ್ಮ ಅವ್ವನ ಮುಖ ನೋಡಿದಳು. ಹಣಮವ್ವ ನೆಲ ನೋಡುತ್ತ ಒಳಗೆ ಹೋದಳು. ಸಾಬಮ್ಮ ಹಿಂದೆಯೇ ಹೋಗಿ ಅಡುಗೆ ಮನೆಯಲ್ಲಿ ನಿಂತಳು.

"ಏನಂತ ಹೇಳಿದಿ ಅವ್ವಾ ಇವರಿಗಿ?"

ಹಣಮವ್ವ ರೊಟ್ಟಿಯ ಹಿಟ್ಟಿಗೆ ಕೈ ಹಾಕಿದಳು. "ಏನ್ ಹೇಳ್ಬೇಕಿತ್ತವ್ವಾ? ನನ್ನ ಮಗಳು ನೌಕರಿದಾಕಿ ಅಂತ ಊರ ತುಂಬ ಹೇಳ್ಕೋತ ಬಂದೀನಿ. ಬಾಯಿ ತಕ್ಕೊಂಡು, ಚೀಲ ಹೊತ್ಗೊಂಡು ಹೈರಾಣಾಗಿ ಕುಂತಾಕಿ ನನ್ನ ಮಗಳು ಅಂತ ಹೆಂಗ ತೋರಸ್ಲಿ? ಮಂದಿ ಕೇಳ್ದಾಗ ಕಾರಿನಾಕಿ ಕಡಿ ಬಟ್ಟು ಮಾಡ್ದೆ. ಅಕಿ ಚಂದ ಇದ್ಲು."

"ಕಂಪನಿಯವರೂ ಹಿಂಗೇ ಅಂದ್ರವ್ವಾ" ಎಂದಳು ಸಾಬಮ್ಮ.

ಹಣಮವ್ವನ ಕೈ ಹಿಟ್ಟಿನಲ್ಲೇ ನಿಂತಿತು.

ಮುಂಬೈದವರು ತನ್ನ ಮುಖ ಬಿಟ್ಟಾಗ ಸಾಬಮ್ಮನಿಗೆ ಸಿಟ್ಟು ಬಂದಿತ್ತು, ಶರಣಕುಮಾರ ಬಿಟ್ಟಾಗ ಅವಮಾನವಾಗಿತ್ತು. ಹೆತ್ತವಳೇ ಬಿಟ್ಟಾಗ ಬಂದದ್ದಕ್ಕೆ ಅವಳ ಹತ್ತಿರ ಹೆಸರಿರಲಿಲ್ಲ. ಅವ್ವ ಪ್ರೀತಿಯಿಂದಲೇ ಮಾಡಿದ್ದಳು ಎಂಬುದು ಗೊತ್ತಿತ್ತು, ಅದರಿಂದ ನೋವು ಹೆಚ್ಚೇ ಆಯಿತು. ಅವಳು ಹೊರಗೆ ಬಂದು ಕಟ್ಟೆಯ ಮೇಲೆ ನಿಂತಳು. ಹೆಂಗಸರು ಇನ್ನೂ ಅಲ್ಲೇ ಇದ್ದರು.

"ಖಾಲಾ," ಎಂದು ಕಮರುನ್ನೀಸಾಳನ್ನು ಕರೆದಳು, ಎಲ್ಲರಿಗೂ ಕೇಳುವ ಹಾಗೆ. "ನಮಗ ಕಾರ್ ಇಲ್ಲ. ಆ ಪೋಸ್ಟರಿನ್ಯಾಗ ಕಾರಿನಾಕಿ ಯಾರೋ ನನಗ ಗೊತ್ತಿಲ್ಲ. ಗಾಡಿ ಮ್ಯಾಲ ಕುಂತಾಕಿ ನಾನು. ಹಣಮವ್ವನ ಮಗಳು ಅಕಿ."

ಯಾರೂ ನಗಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಸರಿದು ಹೋದರು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೇನೋ ಎಂದು ಸಾಬಮ್ಮ ಕಾದಳು, ಕೇಳಲಿಲ್ಲ. ಅಂದು ಸಂಜೆ ಅವರು ಹೊರಟಾಗ ಹಣಮವ್ವ ಮಗಳನ್ನು ಕಳಿಸಲು ಬಾಗಿಲ ತನಕವೂ ಬರಲಿಲ್ಲ.